ಚಿನ್ನದ ನಾಡಿನ ಕಥೆಗಾರ ಫರ್ಗಸ್ ಹ್ಯೂಮ್

ಒಂದೇ ಒಂದು ಕೃತಿಯಿಂದ ಲೋಕವಿಖ್ಯಾತರಾಗಿ, ಆ ಕೃತಿಯ ನೆರಳಿನಲ್ಲಿಯೇ ಉಳಿದ ಬಾಳನ್ನೆಲ್ಲ ಕಳೆದ ಲೇಖಕರು ಎಲ್ಲ ಸಾಹಿತ್ಯಗಳಲ್ಲಿಯೂ ಇದ್ದಾರೆ. ಫರ್ಗಸ್ ಹ್ಯೂಮ್ ಅಂಥವರಲ್ಲಿ ಒಬ್ಬ. ಅವನ ‘ಹ್ಯಾನ್ಸಮ್ ಕ್ಯಾಬಿನ ರಹಸ್ಯ’ 1886ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ಅಚ್ಚಾಯಿತು. ಷರ್ಲಾಕ್ ಹೋಮ್ಸನ ಹೆಸರನ್ನು ಲೋಕ ಕೇಳಿದ್ದು ಅದರ ಮರುವರ್ಷ. ಹತ್ತೊಂಬತ್ತನೆಯ ಶತಮಾನದಲ್ಲಿ ಇಷ್ಟು ಬೇಗ ಇಷ್ಟು ಮಂದಿಯ ಕೈಸೇರಿದ ಪತ್ತೇದಾರಿ ಕಾದಂಬರಿಗಳು ಬಹಳವಿಲ್ಲ. ಆದರೂ ಇಂಗ್ಲಿಷ್ ಸಾಹಿತ್ಯದ ಚರಿತ್ರೆಗಳಲ್ಲಿ ಹ್ಯೂಮನಿಗೆ ದೊರೆಯುವ ಸ್ಥಳ ಹೆಚ್ಚೆಂದರೆ ಅರ್ಧ ಸಾಲು. ಪತ್ತೇದಾರಿ ಕಥೆಯನ್ನು ಸಾಹಿತ್ಯದ ನಡುಮನೆಗೆ ಕರೆಯದೆ ಜಗಲಿಯಲ್ಲಿಯೇ ಕೂರಿಸಿ ಮಾತನಾಡಿಸಿ ಕಳುಹಿಸುವುದು ವಿದ್ವಾಂಸರ ಹಳೆಯ ಪದ್ಧತಿ. ಕನ್ನಡದಲ್ಲಿಯೂ ಈ ಪದ್ಧತಿಯನ್ನು ನಾವು ನಿಷ್ಠೆಯಿಂದ ಪಾಲಿಸಿಕೊಂಡು ಬಂದಿದ್ದೇವೆ.

2013ರ ಬೂಕರ್ ಪ್ರಶಸ್ತಿಯನ್ನು ಪಡೆದ ಕಾದಂಬರಿ ಎಲೆನೋರ್ ಕ್ಯಾಟನ್ ಎಂಬ ನ್ಯೂಜಿಲೆಂಡಿನ ಲೇಖಕಿಯ ‘ದಿ ಲುಮಿನರೀಸ್’. 1866ರ ಹೊಕಿಟಿಕಾ ಎಂಬ ಚಿನ್ನದ ಪಟ್ಟಣದಲ್ಲಿ ನಡೆಯುವ ರಹಸ್ಯದ ಕಥೆ ಅದು. ಅದನ್ನು ಓದಿದ ಮೇಲೆ ಒಂದು ಪ್ರಶ್ನೆ ನನ್ನನ್ನು ಬಿಡದೆ ಕಾಡಿತು. ಚಿನ್ನದ ಬೇಟೆಗೂ ರಹಸ್ಯದ ಕಥೆಗೂ ಇರುವ ನಂಟಾದರೂ ಎಂಥದು? ಉತ್ತರವನ್ನು ಹುಡುಕುತ್ತ ಹೋದಷ್ಟೂ ದಾರಿ ನನ್ನನ್ನು ಫರ್ಗಸ್ ಹ್ಯೂಮನ ಬಾಳಿನ ಕಡೆಗೇ ಕರೆದೊಯ್ದಿತು. ಚಿನ್ನದಿಂದ ಬೆಳೆದ ಎರಡು ನಗರಗಳಲ್ಲಿ ಅವನ ಬುದ್ಧಿ ಬಲಿಯಿತು. ಚಿನ್ನದ ನಾಡಿನ ನ್ಯಾಯವೇ ಅವನ ಹಣೆಬರಹವನ್ನೂ ಬರೆಯಿತು.

ಫರ್ಗುಸನ್ ರೈಟ್ ಹ್ಯೂಮ್ ಹುಟ್ಟಿದ್ದು 1859ರ ಜುಲೈ 8ರಂದು, ಇಂಗ್ಲೆಂಡಿನ ವೂಸ್ಟರ್ ಪ್ರಾಂತದ ಪೊವಿಕ್ ಎಂಬ ಊರಿನಲ್ಲಿ. ತಂದೆ ಜೇಮ್ಸ್ ಹ್ಯೂಮ್ ಅಲ್ಲಿನ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದವನು. ಮಗು ಇನ್ನೂ ಚಿಕ್ಕದಿರುವಾಗಲೇ ಸಂಸಾರ ಹಡಗನ್ನೇರಿ ನ್ಯೂಜಿಲೆಂಡಿನ ದಕ್ಷಿಣ ಭಾಗದ ಡನೀಡಿನ್ ಪಟ್ಟಣವನ್ನು ಸೇರಿತು. ಅಲ್ಲಿಯೂ ತಂದೆ ಅದೇ ಬಗೆಯ ಆಸ್ಪತ್ರೆಯೊಂದರ ಮೇಲ್ವಿಚಾರಕನಾದ. ಮುಂದೆ 1882ರಲ್ಲಿ ವೈದ್ಯನೊಬ್ಬನ ಜೊತೆಗೂಡಿ ಆಷ್‌ಬರ್ನ್ ಹಾಲ್ ಎಂಬ ಖಾಸಗಿ ಚಿಕಿತ್ಸಾಲಯವನ್ನೂ ತೆರೆದ.

ಹ್ಯೂಮ್ ಸಂಸಾರ ಡನೀಡಿನ್ನಿಗೆ ಬಂದ ಕಾಲ ಗಮನಿಸತಕ್ಕದ್ದು. 1861ರ ಮೇ ತಿಂಗಳಿನಲ್ಲಿ ಗೇಬ್ರಿಯಲ್ ರೀಡ್ ಎಂಬಾತನಿಗೆ ಒಟಾಗೋ ಪ್ರಾಂತದ ಒಂದು ಕಣಿವೆಯಲ್ಲಿ ಚಿನ್ನದ ಕಣಗಳು ಕಾಣಿಸಿದ್ದವು. ಸುದ್ದಿ ಕಾಡುಕಿಚ್ಚಿನಂತೆ ಹಬ್ಬಿತು. ಸ್ಕಾಟ್ಲೆಂಡಿನ ದೈವಭೀರುಗಳು ನೆಲೆಯೂರಿದ್ದ ಶಾಂತವಾದ ಬಂದರಿಗೆ ಹಡಗುಹಡಗಾಗಿ ಜನ ಬಂದಿಳಿದರು. ಆಸ್ಟ್ರೇಲಿಯದ ಗಣಿನೆಲಗಳಲ್ಲಿ ಅದೃಷ್ಟ ಕೈಕೊಟ್ಟವರು, ಕೆಲಸ ಬಿಟ್ಟು ಓಡಿಬಂದ ನಾವಿಕರು, ಸಾಲಗಾರರಿಂದ ತಪ್ಪಿಸಿಕೊಂಡವರು, ಶಿಕ್ಷೆ ಮುಗಿಸಿದವರು, ಶಿಕ್ಷೆಗೆ ಹೆದರಿ ಹೆಸರು ಬದಲಾಯಿಸಿದವರು, ಹೀಗೆ ನಾನಾ ಬಗೆಯ ಮಂದಿ. ನಾಲ್ಕೈದು ವರ್ಷಗಳಲ್ಲಿ ಡನೀಡಿನ್ ಆ ದೇಶದ ಅತಿ ದೊಡ್ಡ ಪಟ್ಟಣವಾಗಿ ಬೆಳೆಯಿತು. ಚಿನ್ನದ ಹಣ ಕಲ್ಲಿನ ಕಟ್ಟಡಗಳಾಗಿ, ಬ್ಯಾಂಕುಗಳಾಗಿ, ಶಾಲೆಗಳಾಗಿ ಎದ್ದು ನಿಂತಿತು. 1869ರಲ್ಲಿ ನ್ಯೂಜಿಲೆಂಡಿನ ಮೊದಲ ವಿಶ್ವವಿದ್ಯಾನಿಲಯ ಸ್ಥಾಪಿತವಾದದ್ದೂ ಅಲ್ಲಿಯೇ.

ಆ ಸಿರಿಗೆ ಮತ್ತೊಂದು ಮುಖವೂ ಇತ್ತು. 1866ರ ಜೂನ್ ತಿಂಗಳಿನಲ್ಲಿ, ಹ್ಯೂಮ್ ಇನ್ನೂ ಏಳು ವರ್ಷ ತುಂಬದ ಹುಡುಗನಾಗಿದ್ದಾಗ, ಅದೇ ದ್ವೀಪದ ಉತ್ತರ ಭಾಗದ ಮೌಂಗಟಾಪು ಎಂಬ ಬೆಟ್ಟದ ದಾರಿಯಲ್ಲಿ ಐದು ಮಂದಿಯ ಕೊಲೆ ನಡೆಯಿತು. ಕೊಂದವರು ಚಿನ್ನದ ನೆಲಗಳಲ್ಲಿ ಸುಲಿಗೆ ಮಾಡುತ್ತ ತಿರುಗುತ್ತಿದ್ದ ನಾಲ್ವರು. ಅವರಲ್ಲಿ ಒಬ್ಬ ತನ್ನ ಜೀವ ಉಳಿಸಿಕೊಳ್ಳಲು ಉಳಿದವರ ವಿರುದ್ಧ ಸಾಕ್ಷಿ ಹೇಳಿದ. ಮೂವರು ಗಲ್ಲಿಗೇರಿದರು. ದೇಶದ ಮೂಲೆಮೂಲೆಯಲ್ಲಿ ಬಹುಕಾಲ ಜನರ ಬಾಯಲ್ಲಿ ಉಳಿದ ಪ್ರಕರಣ ಇದು. ಚಿನ್ನವಿರುವ ಕಡೆ ಒಬ್ಬ ಅಪರಿಚಿತ ಕಾಣೆಯಾದರೆ ಹುಡುಕುವವರು ಯಾರು? ಪಕ್ಕದ ಡೇರೆಯಲ್ಲಿ ಮಲಗಿರುವವನ ಪೂರ್ವಚರಿತ್ರೆ ಬಲ್ಲವರು ಯಾರು? ನಮ್ಮ ಹಳ್ಳಿಗಳಲ್ಲಿ ಹೊಸಬನೊಬ್ಬ ಕಾಲಿಟ್ಟರೆ ಯಾವ ಊರು, ಯಾರ ಮಗ, ಯಾರ ಕಡೆಯ ನೆಂಟ ಎಂಬ ಪ್ರಶ್ನೆಗಳು ತಾವಾಗಿಯೇ ಹುಟ್ಟುತ್ತವೆ. ಚಿನ್ನದ ಪಟ್ಟಣದಲ್ಲಿ ಈ ಪ್ರಶ್ನೆಗಳನ್ನು ಕೇಳುವುದೇ ಅಸಭ್ಯತೆ. ಅಲ್ಲಿ ಎಲ್ಲರೂ ಹೊಸಬರು. ಹೇಳಲೊಲ್ಲದ ಹಿಂದಣ ಕಥೆ ಅವರಲ್ಲಿ ಹಲವರಿಗೆ ಇತ್ತು. ರಹಸ್ಯ ಕಾದಂಬರಿ ಬೆಳೆಯುವುದಕ್ಕೆ ಇದಕ್ಕಿಂತ ಹದವಾದ ನೆಲ ಬೇಕೆ?

ಹುಡುಗ ಒಟಾಗೋ ಬಾಲಕರ ಪ್ರೌಢಶಾಲೆಯಲ್ಲಿ ಓದಿ, ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಕಾನೂನು ಕಲಿತು, 1885ರಲ್ಲಿ ವಕೀಲನಾಗಿ ದಾಖಲಾದ. ಮನಸ್ಸು ಮಾತ್ರ ನ್ಯಾಯಾಲಯದಲ್ಲಿರಲಿಲ್ಲ, ನಾಟಕಶಾಲೆಯಲ್ಲಿತ್ತು. ಅದೇ ವರ್ಷ ಅವನು ಮೆಲ್ಬರ್ನಿಗೆ ಹೊರಟ. ಹೊಟ್ಟೆಪಾಡಿಗೆ ವಕೀಲರೊಬ್ಬರ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ, ರಾತ್ರಿ ನಾಟಕ ಬರೆಯುವ ಕೆಲಸ.

ಮೆಲ್ಬರ್ನ್ ಕೂಡ ಚಿನ್ನದ ಕೂಸೇ. 1851ರಲ್ಲಿ ವಿಕ್ಟೋರಿಯ ಪ್ರಾಂತದ ಬ್ಯಾಲರಾಟ್, ಬೆಂಡಿಗೊ ಮೊದಲಾದ ಕಡೆ ಚಿನ್ನ ದೊರೆತಾಗ ಅದು ಸಾಮಾನ್ಯ ಬಂದರು. ಆಗ ಗಣಿನೆಲದಲ್ಲಿ ಗುದ್ದಲಿ ಹಾಕುವವನು ತಿಂಗಳಿಗೆ 30 ಷಿಲಿಂಗ್ ತೆತ್ತು ಪರವಾನಗಿ ಪಡೆಯಬೇಕಾಗಿತ್ತು. ಚಿನ್ನ ಸಿಕ್ಕಲಿ ಸಿಕ್ಕದಿರಲಿ, ಶುಲ್ಕ ತಪ್ಪಿದ್ದಲ್ಲ. ಈ ಅನ್ಯಾಯದ ವಿರುದ್ಧ 1854ರ ಡಿಸೆಂಬರ್ 3ರಂದು ಬ್ಯಾಲರಾಟಿನ ಯುರೇಕಾ ಎಂಬಲ್ಲಿ ಅಗೆಯುವವರಿಗೂ ಸರ್ಕಾರದ ಪಡೆಗೂ ಕಾಳಗವೇ ನಡೆಯಿತು. ಮೂವತ್ತು ವರ್ಷಗಳ ಅನಂತರ ಹ್ಯೂಮ್ ಕಂಡ ಮೆಲ್ಬರ್ನ್ ಅರ್ಧ ಲಕ್ಷವಲ್ಲ, ಹತ್ತಿರ ಹತ್ತಿರ ಐದು ಲಕ್ಷ ಜನರ ಮಹಾನಗರವಾಗುವ ಹಾದಿಯಲ್ಲಿತ್ತು. ಟೆಲಿಫೋನು ಬಂದಿತ್ತು. ಬೀದಿಗಳಲ್ಲಿ ಟ್ರಾಮು ಓಡತೊಡಗಿತ್ತು. ಒಂದು ಕಾಲದಲ್ಲಿ ಕೆಸರಿನಲ್ಲಿ ನಿಂತವರು ಈಗ ಅರಮನೆಯಂಥ ಮನೆಗಳಲ್ಲಿ ಔತಣ ಕೊಡುತ್ತಿದ್ದರು. ಅವರ ಬಂಗಲೆಗಳಿಂದ ಕೂಗಳತೆಯಲ್ಲಿ ಲಿಟ್ಲ್ ಬರ್ಕ್ ಬೀದಿಯ ಹಿಂದಣ ಓಣಿಗಳಲ್ಲಿ ಅಫೀಮು, ಹಸಿವು, ಸೂಳೆಗಾರಿಕೆಗಳು ತುಂಬಿದ್ದವು.

ಹೊಸ ಲೇಖಕನ ನಾಟಕವನ್ನು ಓದಿ ನೋಡುವುದಕ್ಕೂ ನಾಟಕಶಾಲೆಗಳ ಯಜಮಾನರು ಒಪ್ಪಲಿಲ್ಲ. ಒಂದು ಪುಸ್ತಕದಿಂದ ಹೆಸರು ಮಾಡಿಕೊಂಡರೆ ಅವರ ಬಾಗಿಲು ತೆರೆಯಬಹುದೆಂದು ಹ್ಯೂಮ್ ಲೆಕ್ಕ ಹಾಕಿದ. ನಗರದ ದೊಡ್ಡ ಪುಸ್ತಕ ವ್ಯಾಪಾರಿಯೊಬ್ಬನ ಬಳಿ ಹೋಗಿ, ಎಂಥ ಕಾದಂಬರಿಗೆ ಹೆಚ್ಚು ಗಿರಾಕಿ ಎಂದು ಕೇಳಿದ. ಫ್ರಾನ್ಸಿನ ಎಮಿಲ್ ಗಬೊರಿಯೊ ಬರೆದ ಪತ್ತೇದಾರಿ ಕಥೆಗಳಿಗೆ ಎಂಬ ಉತ್ತರ ಬಂತು. ಗಬೊರಿಯೊನ ಹೆಸರನ್ನೇ ಅವನು ಅದುವರೆಗೆ ಕೇಳಿರಲಿಲ್ಲ. ಅಂಗಡಿಯಲ್ಲಿದ್ದ ಅವನ ಪುಸ್ತಕಗಳನ್ನೆಲ್ಲ ಕೊಂಡು ತಂದು ಶ್ರದ್ಧೆಯಿಂದ ಓದಿದ. ತಾನೂ ಅಂಥದೊಂದನ್ನು ಬರೆಯಲು ಕುಳಿತ.

ಇದನ್ನು ಕೇಳಿ ಮೂಗು ಮುರಿಯುವುದು ಸುಲಭ. ಸ್ಫೂರ್ತಿಯಿಂದ ಹುಟ್ಟಬೇಕಾದ ಕೃತಿ ಗಿರಾಕಿಯ ವಿಚಾರಣೆಯಿಂದ ಹುಟ್ಟಿತಲ್ಲ ಎಂದು ರಸಿಕರು ಕೊರಗಬಹುದು. ಆದರೆ ಮಾದರಿಯನ್ನು ಎರವಲು ತಂದವನು ಕಥೆಯ ಸಾಮಗ್ರಿಯನ್ನು ಎರವಲು ತರಲಿಲ್ಲ ಎಂಬುದನ್ನು ನಾವು ನೋಡಬೇಕು. ಪ್ಯಾರಿಸ್ಸನ್ನಾಗಲಿ ಲಂಡನ್ನನ್ನಾಗಲಿ ಅವನು ಬರೆಯಲಿಲ್ಲ. ತಾನು ದಿನವೂ ತಿರುಗುತ್ತಿದ್ದ ಬೀದಿಗಳನ್ನು ಬರೆದ. ಲಿಟ್ಲ್ ಬರ್ಕ್ ಬೀದಿಯ ಓಣಿಗಳಲ್ಲಿ ಎಷ್ಟೋ ರಾತ್ರಿಗಳನ್ನು ಕಳೆದು ಅಲ್ಲಿನ ಜನರನ್ನು ಕಣ್ಣಾರೆ ಕಂಡು ಚಿತ್ರಿಸಿದ. ಒಂದು ರಾತ್ರಿ ಬಹಳ ಹೊತ್ತಾದ ಮೇಲೆ ಬಾಡಿಗೆಯ ಗಾಡಿಯಲ್ಲಿ ಸೇಂಟ್ ಕಿಲ್ಡಾ ಬಡಾವಣೆಯ ಕಡೆಗೆ ಹೋಗುತ್ತಿರುವಾಗ ಕಥೆಯ ಬೀಜ ಹೊಳೆಯಿತು. ನಮ್ಮ ಜಟಕಾದಲ್ಲಿ ಗಾಡಿಯವನು ಮುಂದೆ ಕೂರುತ್ತಾನೆ. ಹ್ಯಾನ್ಸಮ್ ಕ್ಯಾಬ್ ಎಂಬ ಎರಡು ಚಕ್ರದ ಕುದುರೆಗಾಡಿಯಲ್ಲಿ ಅವನ ಪೀಠ ಹಿಂಬದಿಯಲ್ಲಿ, ಮೇಲ್ಗಡೆ ಇರುತ್ತದೆ. ಒಳಗೆ ಏನು ನಡೆಯುತ್ತಿದೆ ಎಂಬುದು ಅವನಿಗೆ ಕಾಣದು. ಇಬ್ಬರು ಹತ್ತಿ, ಒಬ್ಬನು ನಡುದಾರಿಯಲ್ಲಿ ಇಳಿದುಹೋಗಿ, ಉಳಿದವನು ಹೆಣವಾಗಿದ್ದರೆ? ಗಾಡಿಯವನಿಗೆ ತಿಳಿಯುವುದು ಪ್ರಯಾಣ ಮುಗಿದ ಮೇಲೆಯೇ.

ಕಥೆ ಹೀಗೆ ಆರಂಭವಾಗುತ್ತದೆ. ಸತ್ತವನು ಯಾರು ಎಂಬುದೇ ಮೊದಲು ತಿಳಿಯದು. ತಿಳಿದ ಮೇಲೆ ಸಂಶಯ ಬ್ರಯನ್ ಫಿಟ್ಸ್‌ಜೆರಾಲ್ಡ್ ಎಂಬ ಯುವಕನ ಮೇಲೆ ಬೀಳುತ್ತದೆ. ಕೊಲೆಯ ಹೊತ್ತಿನಲ್ಲಿ ತಾನೆಲ್ಲಿದ್ದೆ ಎಂದು ಹೇಳಿದರೆ ಅವನು ಬದುಕಬಲ್ಲ. ಆದರೆ ಹೇಳಲಾರ, ಹೇಳಿದರೆ ಅವನು ಪ್ರೀತಿಸಿದ ಹುಡುಗಿಯ ಎದೆಯೊಡೆಯುತ್ತದೆ. ಆ ಹುಡುಗಿಯ ತಂದೆ ಫ್ರೆಟ್ಲ್‌ಬಿ, ವಸಾಹತಿನ ಆರಂಭದ ದಿನಗಳಲ್ಲಿ ಬಂದು ಕೋಟ್ಯಧೀಶನಾದವನು, ನಗರದ ಗಣ್ಯ. ಅವನ ಯೌವನದ ಒಂದು ಗುಪ್ತ ವಿವಾಹ ಕೊಳೆಗೇರಿಯೊಂದರಲ್ಲಿ ಹೂತುಹೋಗಿದೆ. ಬಂಗಲೆಗೂ ಓಣಿಗೂ ನಡುವೆ ರಕ್ತಸಂಬಂಧವೇ ಇದೆ ಎಂಬುದು ಈ ಕಾದಂಬರಿಯ ನಿಜವಾದ ರಹಸ್ಯ. ಕೊಲೆಗಾರನ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಮೊದಲ ಕರಡಿನಲ್ಲಿ ಅಪರಾಧಿ ಯಾರೆಂಬುದು ತೀರ ಸ್ಪಷ್ಟವಾಗಿ ಕಂಡದ್ದರಿಂದ ಹ್ಯೂಮ್ ಇಡೀ ಕಥೆಯನ್ನು ಎರಡನೆಯ ಸಲ ಬರೆದನೆಂಬುದನ್ನು ಮಾತ್ರ ತಿಳಿಸಬಹುದು. ಗಿರಾಕಿಗಾಗಿ ಬರೆದವನಲ್ಲಿಯೂ ಕಸುಬಿನ ನಿಷ್ಠೆ ಇತ್ತು.

ಹಸ್ತಪ್ರತಿಯನ್ನು ಮೆಲ್ಬರ್ನಿನ ಪ್ರಕಾಶಕರು ಮುಟ್ಟಲಿಲ್ಲ. ವಸಾಹತಿನಲ್ಲಿ ಬೆಳೆದವನು ಓದತಕ್ಕಂಥದನ್ನು ಬರೆದಾನೆಂಬ ನಂಬಿಕೆ ಅವರಿಗಿರಲಿಲ್ಲ. ಪುಸ್ತಕವೆಂದರೆ ಲಂಡನ್ನಿನಿಂದ ಬರಬೇಕು. ಪರಾಧೀನ ನಾಡುಗಳೆಲ್ಲದರ ಬುದ್ಧಿಗೂ ಹಿಡಿದ ಈ ರೋಗದ ಪರಿಚಯ ನಮಗೂ ಚೆನ್ನಾಗಿಯೇ ಇದೆ. ಹ್ಯೂಮ್ ಸ್ವಂತ ಖರ್ಚಿನಲ್ಲಿ 5,000 ಪ್ರತಿಗಳನ್ನು ಅಚ್ಚು ಹಾಕಿಸಿದ. ಮೂರು ವಾರಗಳಲ್ಲಿ ಅಷ್ಟೂ ಮುಗಿದುವೆಂದು ಅವನೇ ಹೇಳಿಕೊಂಡಿದ್ದಾನೆ. ಮರುಮುದ್ರಣಗಳು ಒಂದರ ಹಿಂದೊಂದು ಬಂದುವು. ತಮ್ಮದೇ ಬೀದಿಯ ಹೆಸರು, ತಮ್ಮದೇ ಪತ್ರಿಕೆಯ ಹೆಸರು, ತಮ್ಮದೇ ಕೊಳೆಗೇರಿಯ ವಾಸನೆ ಅಚ್ಚಿನಲ್ಲಿ ಬಂದುದನ್ನು ಓದಲು ಒಂದು ನಗರವೇ ಮುಗಿಬಿದ್ದಿತು.

ಇನ್ನು ಬರುವುದು ಈ ಬಾಳಿನ ಅತ್ಯಂತ ವಿಷಾದದ ಘಟ್ಟ. ಫ್ರೆಡರಿಕ್ ಟ್ರಿಷ್ಲರ್ ಎಂಬ ಚುರುಕು ಬುದ್ಧಿಯ ವ್ಯವಹಾರಸ್ಥ ಪುಸ್ತಕದ ಹಕ್ಕನ್ನು ಕೇಳಿದ. ಹ್ಯೂಮ್ ಅದನ್ನು 50 ಪೌಂಡಿಗೆ ಮಾರಿಬಿಟ್ಟ. ಇಷ್ಟೊಂದು ಸ್ಥಳೀಯವಾದ ಕಥೆ ಲಂಡನ್ನಿನ ಓದುಗರಿಗೆ ಬೇಕಾಗಲಾರದು ಎಂಬುದು ಅವನ ಎಣಿಕೆ. ಪ್ರಕಾಶಕರು ಅವನ ವಿಷಯದಲ್ಲಿ ಮಾಡಿದ ತಪ್ಪನ್ನೇ ಅವನೂ ತನ್ನ ಕೃತಿಯ ವಿಷಯದಲ್ಲಿ ಮಾಡಿದ. ಟ್ರಿಷ್ಲರ್ ಲಂಡನ್ನಿನಲ್ಲಿ ಆ ಕಾದಂಬರಿಯ ಹೆಸರಿನಲ್ಲಿಯೇ ಹ್ಯಾನ್ಸಮ್ ಕ್ಯಾಬ್ ಪ್ರಕಟಣ ಸಂಸ್ಥೆಯನ್ನು ತೆರೆದು, 1887ರಲ್ಲಿ ಪುಸ್ತಕವನ್ನು ಹೊರತಂದ. ಪ್ರಕಾಶಕರ ಲೆಕ್ಕದ ಪ್ರಕಾರ ಆರು ತಿಂಗಳಲ್ಲಿ 3 ಲಕ್ಷಕ್ಕೂ ಹೆಚ್ಚು ಪ್ರತಿಗಳು ಖರ್ಚಾದುವು. ಜಾಹೀರಾತಿನ ಉತ್ಸಾಹಕ್ಕೆಂದು ಸ್ವಲ್ಪ ಕಳೆದರೂ ಉಳಿಯುವ ಸಂಖ್ಯೆ ಅಸಾಧಾರಣವಾದದ್ದು. ಅದರಲ್ಲಿ ಒಂದು ಪೆನ್ನಿಯೂ ಬರೆದವನ ಜೇಬಿಗೆ ಬರಲಿಲ್ಲ.

ಚಿನ್ನದ ನೆಲದಲ್ಲಿ ಇಂಥದು ನಿತ್ಯದ ಕಥೆ. ತಿಂಗಳುಗಟ್ಟಲೆ ಬಾವಿ ತೋಡಿದವನು ಕೈಖರ್ಚಿಗಿಲ್ಲದೆ ತನ್ನ ಪಾಲಿನ ತುಂಡುನೆಲವನ್ನು ಸಿಕ್ಕಿದ ಬೆಲೆಗೆ ಮಾರಿ ಹೋಗುತ್ತಾನೆ. ಕೊಂಡವನ ಗುದ್ದಲಿ ಇನ್ನೆರಡು ಅಡಿ ಇಳಿಯುತ್ತಲೂ ಚಿನ್ನಕ್ಕೆ ತಾಗುತ್ತದೆ. ಎರಡು ಚಿನ್ನದ ಪಟ್ಟಣಗಳಲ್ಲಿ ಬಾಳಿದ, ಅದರ ಮೇಲೆ ಕಾನೂನು ಕಲಿತ ಹ್ಯೂಮನಿಗೆ ಈ ನ್ಯಾಯ ತಿಳಿಯದ್ದೇನಲ್ಲ. ಹಾಗೆಂದು ಅವನನ್ನು ಹಳಿಯುವಂತಿಲ್ಲ. ಅದೇ ಕಾಲದಲ್ಲಿ ಆರ್ಥರ್ ಕಾನನ್ ಡಾಯಲ್ ತನ್ನ ಮೊದಲ ಷರ್ಲಾಕ್ ಹೋಮ್ಸ್ ಕಥೆಯ ಹಕ್ಕನ್ನೆಲ್ಲ 25 ಪೌಂಡಿಗೆ ಕೊಟ್ಟುಬಿಟ್ಟಿದ್ದ. ಆದರೆ ಡಾಯಲನ ಬಳಿ ಮುಂದಿನ ಕಥೆಗಳಿಗೂ ಕರೆದುಕೊಂಡು ಹೋಗಬಹುದಾದ ಹೋಮ್ಸ್ ಇದ್ದ. ಹ್ಯೂಮನ ಬಳಿ ಇದ್ದದ್ದು ಒಂದು ನಗರ. ನಗರವನ್ನು ಯಾರೂ ಜೊತೆಯಲ್ಲಿ ಹೊತ್ತುಕೊಂಡು ಹೋಗಲಾರರು.

ನಾಟಕದ ಹಕ್ಕನ್ನು ಮಾತ್ರ ಅವನು ತನ್ನಲ್ಲಿಯೇ ಉಳಿಸಿಕೊಂಡಿದ್ದ. ಕಾದಂಬರಿಯ ರಂಗರೂಪ ಆಸ್ಟ್ರೇಲಿಯದಲ್ಲಿಯೂ ಲಂಡನ್ನಿನಲ್ಲಿಯೂ ನಡೆದು ಅವನಿಗೆ ಒಂದಿಷ್ಟು ಲಾಭ ತಂದಿತು. ಯಾವ ಬಾಗಿಲು ತೆರೆಯಲೆಂದು ಕಾದಂಬರಿ ಬರೆದನೋ ಆ ಬಾಗಿಲು ಈ ಬಗೆಯಾಗಿ ತೆರೆಯಿತು. ಕಾದಂಬರಿಯನ್ನು ಅಣಕಿಸಿ 1888ರಲ್ಲಿ ತಳ್ಳುಗಾಡಿಯ ರಹಸ್ಯವೆಂಬ ಒಂದು ಹಾಸ್ಯಕೃತಿಯೂ ಹೊರಟಿತು. ತಾವೇ ಅದರ ಕರ್ತೃಗಳೆಂದು ಹೇಳಿಕೊಂಡು ತಿರುಗಿದವರೂ ಇದ್ದರು.

1888ರಲ್ಲಿ ಹ್ಯೂಮ್ ಮತ್ತೊಂದು ಕಾದಂಬರಿಯನ್ನು ಪ್ರಕಟಿಸಿದ. ಹೆಸರು ‘ಮೇಡಂ ಮೈಡಾಸ್’. ನನ್ನ ಪ್ರಶ್ನೆಗೆ ನೇರವಾದ ಉತ್ತರ ದೊರೆತದ್ದು ಇದರಲ್ಲಿ. ಮುಟ್ಟಿದ್ದೆಲ್ಲ ಚಿನ್ನವಾಗಲೆಂದು ವರ ಪಡೆದ ಗ್ರೀಕರ ರಾಜನ ಹೆಸರನ್ನು ಹೊತ್ತ ಈ ನಾಯಕಿ ಬ್ಯಾಲರಾಟಿನ ಗಣಿಯೊಂದರ ಒಡತಿ. ಅವಳ ಹಿಂದೆ ಒಬ್ಬ ನಿಜವಾದ ಹೆಣ್ಣು ಇದ್ದಾಳೆ. ಆಲಿಸ್ ಕಾರ್ನ್‌ವೆಲ್ ಎಂಬಾಕೆ ಬ್ಯಾಲರಾಟಿನ ಸಮೀಪ ಗಣಿ ನಡೆಸಿ ಸಿರಿವಂತೆಯಾಗಿದ್ದಳು. ಆಕೆಯ ಮೈಡಾಸ್ ಗಣಿಯಲ್ಲಿ 1887ರಲ್ಲಿ 600 ಔನ್ಸಿಗೂ ಮಿಕ್ಕಿದ ಚಿನ್ನದ ಗಟ್ಟಿಯೊಂದು ದೊರೆತಿತ್ತು. ಗಣಿಯ ಹಣದಿಂದ ಆಕೆ ಲಂಡನ್ನಿನ ‘ಸಂಡೇ ಟೈಮ್ಸ್’ ಪತ್ರಿಕೆಯನ್ನೇ ಕೊಂಡಳು.

ಬ್ಯಾಲರಾಟಿನ ಗಣಿಗಾರಿಕೆಯ ಬಗೆಯನ್ನು ಇಲ್ಲಿ ಎರಡು ಮಾತಿನಲ್ಲಿ ವಿವರಿಸಬೇಕು. ಮೊದಲು ಬಂದವರು ಹಳ್ಳದ ಮರಳನ್ನು ತಟ್ಟೆಯಲ್ಲಿ ತೊಳೆದು ಚಿನ್ನದ ಕಣಗಳನ್ನು ಆರಿಸಿಕೊಂಡರು. ಮೇಲ್ಪದರದ ಚಿನ್ನ ಬೇಗ ಮುಗಿಯಿತು. ಅನಂತರ ತಿಳಿದದ್ದೇನೆಂದರೆ, ಲಕ್ಷಾಂತರ ವರ್ಷಗಳ ಹಿಂದೆ ಹರಿಯುತ್ತಿದ್ದ ನದಿಗಳ ಪಾತ್ರ ಜ್ವಾಲಾಮುಖಿಯ ಲಾವಾರಸದಿಂದ ಮುಚ್ಚಿಹೋಗಿ ನೆಲದಾಳದಲ್ಲಿ ಹುದುಗಿದೆ, ಚಿನ್ನವೆಲ್ಲ ಆ ಸತ್ತ ನದಿಗಳ ಜಲ್ಲಿಯಲ್ಲಿ ಉಳಿದಿದೆ ಎಂಬುದು. ಕಪ್ಪು ಬಂಡೆಯನ್ನು ಕೊರೆದು ನೂರಾರು ಅಡಿ ಇಳಿದರೆ ಮಾತ್ರ ಅದು ಸಿಕ್ಕುತ್ತದೆ. ಅದಕ್ಕೆ ಯಂತ್ರ ಬೇಕು, ಬಂಡವಾಳ ಬೇಕು, ತಾಳ್ಮೆ ಬೇಕು. ಹೂತುಹೋದ ಅಂಥ ಒಂದು ನದಿಯ ಜಾಡನ್ನು ಹಿಡಿದು ಹೊರಟವಳು ಹ್ಯೂಮನ ನಾಯಕಿ. ಅವಳ ಸುತ್ತ, ತನ್ನನ್ನು ತೊರೆದುಹೋಗಿ ಮತ್ತೆ ಹಣದ ಆಸೆಗೆ ಸುಳಿಯುವ ಗಂಡ. ಫ್ರೆಂಚರ ಸೆರೆಯಿಂದ ತಪ್ಪಿಸಿಕೊಂಡು ಬಂದು ಸಭ್ಯನ ವೇಷದಲ್ಲಿ ಸೇರಿಕೊಂಡ ವ್ಯಾಂಡಲೂಪ್. ಮುಂದೆ ವಿಷಪ್ರಯೋಗ, ಮರಣ, ನ್ಯಾಯಸ್ಥಾನ. ನೆಲ ಅಗೆಯುವವರೂ ಅಪರಾಧವನ್ನು ಅಗೆಯುವವರೂ ಈ ಕಾದಂಬರಿಯಲ್ಲಿ ಒಂದೇ ಕೆಲಸದಲ್ಲಿ ತೊಡಗಿದ್ದಾರೆ. ಮೇಲೆ ಕಾಣುವ ನೆಲ ಗಟ್ಟಿಯಾಗಿದೆ. ಕೆಳಗೆ ಹಿಂದಿನ ಕಾಲ ಹುದುಗಿದೆ.

ಚಿನ್ನದ ನೆಲದ ಅಪರಾಧವನ್ನು ಕಥೆಯಾಗಿಸಿದವರಲ್ಲಿ ಹ್ಯೂಮನೇ ಮೊದಲಿಗನಲ್ಲ. ಅವನಿಗಿಂತ ಎರಡು ದಶಕ ಮೊದಲೇ ಮೇರಿ ಫಾರ್ಚೂನ್ ಎಂಬ ಹೆಣ್ಣುಮಗಳು, ಗಣಿನೆಲಗಳಲ್ಲಿ ತಾನೇ ಬಾಳಿದ್ದವಳು, ಗುಪ್ತನಾಮದಲ್ಲಿ ಮೆಲ್ಬರ್ನಿನ ಪತ್ರಿಕೆಯೊಂದರಲ್ಲಿ ಪತ್ತೇದಾರಿ ಕಥೆಗಳನ್ನು ಬರೆಯತೊಡಗಿದ್ದಳು. ಹ್ಯೂಮನ ಹೆಚ್ಚಳ ಬೇರೆಯದು. ಗಣಿನೆಲದ ಗುಟ್ಟು ಗಣಿಯಲ್ಲಿಯೇ ಉಳಿಯುವುದಿಲ್ಲ, ಅಲ್ಲಿಂದ ಎದ್ದ ನಗರದ ಅಡಿಪಾಯದಲ್ಲಿ ಸೇರಿಕೊಳ್ಳುತ್ತದೆ ಎಂಬುದನ್ನು ಅವನು ದೊಡ್ಡ ಓದುಗವರ್ಗಕ್ಕೆ ಕಾಣಿಸಿದ.

ಇದು ದೂರದ ನಾಡಿನ ಸಂಗತಿಯೆಂದು ನಾವು ಸುಮ್ಮನಿರುವಂತಿಲ್ಲ. ನ್ಯೂಜಿಲೆಂಡಿನ ಯುದ್ಧದಲ್ಲಿ ಸೈನಿಕನಾಗಿದ್ದು, ಅಲ್ಲಿನ ಚಿನ್ನದ ಗುಂಗನ್ನು ಹಚ್ಚಿಕೊಂಡು ಬೆಂಗಳೂರಿಗೆ ಬಂದು ನೆಲಸಿದ ಮೈಕೆಲ್ ಲ್ಯಾವೆಲ್ ಎಂಬ ಐರಿಷ್ ಮನುಷ್ಯ 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿ, ಕೋಲಾರದ ನೆಲದಲ್ಲಿ ಗಣಿ ತೋಡಲು ಅನುಮತಿ ಕೇಳಿದ. ಹಣವಿಲ್ಲದ ಅವನು ಬೇಗನೆ ಆ ಹಕ್ಕನ್ನು ಇತರರಿಗೆ ಬಿಟ್ಟುಕೊಡಬೇಕಾಯಿತು. 1880ರ ಸುಮಾರಿಗೆ ಜಾನ್ ಟೇಲರ್ ಕಂಪೆನಿ ಬಂದು ಕೋಲಾರದ ಚಿನ್ನವನ್ನು ತೆಗೆಯಿತು. ಲ್ಯಾವೆಲನ ಹೆಸರು ಬೆಂಗಳೂರಿನ ಒಂದು ರಸ್ತೆಗೆ ಉಳಿಯಿತು. 2001ರಲ್ಲಿ ಆ ಗಣಿಗಳು ಮುಚ್ಚಿದುವು. ಜಾಡನ್ನು ಕಂಡವನಿಗೆ ಹೆಸರು, ಬಂಡವಾಳ ಹೂಡಿದವನಿಗೆ ಚಿನ್ನ ಎಂಬ ಆ ನಾಡಿನ ನ್ಯಾಯ ಈ ನಾಡಿನಲ್ಲಿಯೂ ನಡೆಯಿತು.

1888ರಲ್ಲಿ ಹ್ಯೂಮ್ ಇಂಗ್ಲೆಂಡಿಗೆ ಹೋದ. ಮತ್ತೆ ಹಿಂದಿರುಗಲಿಲ್ಲ. ಎಸೆಕ್ಸ್ ಪ್ರಾಂತದ ಥಂಡರ್ಸ್ಲಿ ಎಂಬ ಹಳ್ಳಿಯಲ್ಲಿ ನೆಲೆನಿಂತು, ಮದುವೆಯಿಲ್ಲದೆ, ಗದ್ದಲವಿಲ್ಲದೆ ಬರೆಯುತ್ತ ಹೋದ. 130ರಷ್ಟು ಕಾದಂಬರಿಗಳು ಅವನ ಲೇಖನಿಯಿಂದ ಹೊರಬಂದುವು. ಗಿರವಿ ಅಂಗಡಿಯನ್ನು ನಡೆಸುವ ಜಿಪ್ಸಿ ಹುಡುಗಿಯೊಬ್ಬಳನ್ನು ಪತ್ತೇದಾರಳನ್ನಾಗಿ ಮಾಡಿದ ‘ಹೇಗರ್’ ಕಥೆಗಳಂಥ ಸೊಗಸಾದವು ಅವುಗಳಲ್ಲಿ ಕೆಲವು ಇವೆ. ಹೆಚ್ಚಿನವು ವರ್ಷಕ್ಕೆ ಎರಡು ಮೂರರಂತೆ ಹೊಟ್ಟೆಪಾಡಿಗೆ ಹೊಸೆದವು. ಯಾವುದನ್ನು ಬರೆದರೂ ಮುಖಪುಟದಲ್ಲಿ ಹ್ಯಾನ್ಸಮ್ ಕ್ಯಾಬಿನ ಕರ್ತೃವೆಂದೇ ಅವನನ್ನು ಪರಿಚಯಿಸಬೇಕಾಗುತ್ತಿತ್ತು. ಯಾವ ಪುಸ್ತಕದಿಂದ ಅವನಿಗೆ ಒಂದು ಕಾಸೂ ಬರುತ್ತಿರಲಿಲ್ಲವೋ ಅದೇ ಪುಸ್ತಕ ಉಳಿದೆಲ್ಲ ಪುಸ್ತಕಗಳಿಗೆ ಜಾಮೀನು ನಿಲ್ಲಬೇಕಾಯಿತು. ಮುಪ್ಪಿನಲ್ಲಿ ತರುಣರ ಸಂಘಗಳಿಗೂ ಚರ್ಚಾಕೂಟಗಳಿಗೂ ಹೋಗಿ ಉಪನ್ಯಾಸ ಮಾಡುತ್ತಿದ್ದ. 1932ರ ಜುಲೈ 12ರಂದು, 73 ತುಂಬಿದ ನಾಲ್ಕು ದಿನಗಳಿಗೆ, ಅದೇ ಹಳ್ಳಿಯಲ್ಲಿ ತೀರಿಕೊಂಡ. ಅವನ ಮೇಡಂ ಮೈಡಾಸಳಿಗೆ ಮಾದರಿಯಾದ ಆಲಿಸ್ ಕಾರ್ನ್‌ವೆಲ್ ಕಣ್ಮುಚ್ಚಿದ್ದೂ ಅದೇ ವರ್ಷ.

ಇಷ್ಟು ಬರೆದವನಲ್ಲಿ ಒಂದೆರಡು ಮಾತ್ರ ಉಳಿದದ್ದೇಕೆ? ಶಕ್ತಿ ಕುಂದಿತು ಎಂಬ ಉತ್ತರ ನನಗೆ ಸಾಲದು. ಕಾಲಿನ ಕೆಳಗಿನ ನೆಲ ತಪ್ಪಿತು ಎಂಬುದು ನನ್ನ ಎಣಿಕೆ. ಡನೀಡಿನ್ ಮತ್ತು ಮೆಲ್ಬರ್ನ್ ಅವನಿಗೆ ಗೊತ್ತಿದ್ದ ನೆಲಗಳು. ಅಲ್ಲಿ ಯಾವ ಮನೆಯ ಕೆಳಗೆ ಯಾವ ನದಿ ಹೂತಿದೆ ಎಂಬುದನ್ನು ಅವನು ಮೂಸಿ ಹೇಳಬಲ್ಲವನಾಗಿದ್ದ. ಇಂಗ್ಲೆಂಡಿನ ಹಳ್ಳಿಯ ಶತಮಾನಗಳ ಗೋಡೆಗಳ ಹಿಂದೆ ಅವನು ಅಪರಿಚಿತನಾಗಿಯೇ ಉಳಿದ. ಅತಿ ಸ್ಥಳೀಯವೆಂದು ನಾಚಿ 50 ಪೌಂಡಿಗೆ ಮಾರಿದನಲ್ಲ, ಆ ಸ್ಥಳೀಯತೆಯೇ ಅವನ ಚಿನ್ನವಾಗಿತ್ತು. ನಮ್ಮ ವಿದ್ಯಾರ್ಥಿಗಳಲ್ಲಿ ಕಥೆ ಬರೆಯುವ ಹಂಬಲವಿರುವವರು ಹ್ಯೂಮನ ಗೆಲವಿನಿಂದಲೂ ಸೋಲಿನಿಂದಲೂ ಕಲಿಯಬೇಕಾದ ಪಾಠ ಇದೊಂದೇ. ಪತ್ತೇದಾರಿ ಕಥೆಯನ್ನು ಜಗಲಿಯಲ್ಲಿ ಕೂರಿಸುವ ನನ್ನಂಥ ಅಧ್ಯಾಪಕರೂ, ಒಂದು ನಗರ ತನ್ನ ಸಿರಿಯ ಮೂಲವನ್ನು ಕುರಿತು ಕೇಳಿಕೊಳ್ಳಲು ಹೆದರುವ ಪ್ರಶ್ನೆಯನ್ನು ಕೇಳುವ ಸಾಮರ್ಥ್ಯ ಆ ಪ್ರಕಾರಕ್ಕೆ ಇದೆಯೆಂಬುದನ್ನು ಒಪ್ಪಿಕೊಳ್ಳಬೇಕು.

ಅವನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಆ ಮೊದಲ 5,000 ಪ್ರತಿಗಳು ಕೈಯಿಂದ ಕೈಗೆ ಹೋಗಿ, ಓದಿ ಓದಿ ಹರಿದು ಹೋದುವು. ಇಂದು ಜಗತ್ತಿನಲ್ಲಿ ಉಳಿದಿರುವುವು ಬೆರಳೆಣಿಕೆಯಷ್ಟು ಮಾತ್ರ. ಅಗ್ಗದ ಕಾಗದದ ಆ ಪುಸ್ತಕವನ್ನು ಗ್ರಂಥಭಂಡಾರಗಳು ಈಗ ಬೀಗದೊಳಗೆ ಕಾಪಾಡುತ್ತವೆ.